ಮೂರನೆಯ ಚುಕ್ಕೆ

ಪೆನ್ಸಿಲ್ ಚೂಪು ಮಾಡುವಾಗ ನಾಗವೇಣಿ ಅತ್ತೆಯ ನಾಲಿಗೆಯ ತುದಿ ಹೊರಗೆ ಇಣುಕುತ್ತಿತ್ತು. ಮೂವತ್ತಾರನೆಯ ವಯಸ್ಸಿನಲ್ಲಿ ಅವಳು ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಿದ್ದಳು. ಅದೇ ವರ್ಷ ನಾನೂ. ಊರಿನ ಗ್ರಂಥಾಲಯದಲ್ಲಿ ಸಹಾಯಕಿಯ ಕೆಲಸ ಖಾಲಿಯಿತ್ತು, ಅದಕ್ಕೆ ಹತ್ತನೆಯದು ಪಾಸಾಗಿರಬೇಕಿತ್ತು. ಗಣಿತದಲ್ಲಿ ಅವಳು ಆಗಲೇ ಎರಡು ಸಲ ನಪಾಸಾಗಿದ್ದಳು. "ಇದೇ ಕೊನೆ. ಈ ಸಲವೂ ಹೋದ್ರೆ ಪುಸ್ತಕ ಎಲ್ಲ ಅಟ್ಟಕ್ಕೆ ಹಾಕ್ತೀನಿ" ಎಂದಿದ್ದಳು.

ತರಗತಿಗೆ ಮೊದಲಿಗಳಾದ ನಾನೇ ಅವಳ ಮೇಷ್ಟ್ರು. ನಕ್ಷೆಯ ಲೆಕ್ಕ ಪ್ರತಿವರ್ಷ ಬರುತ್ತಿತ್ತು, ನಾಲ್ಕು ಅಂಕ. y = 2x + 1 ಎಂದು ಬರೆದುಕೊಟ್ಟು, "x ಗೆ ಒಂದು ಬೆಲೆ ಕೊಡು ಅತ್ತೆ, y ಎಷ್ಟು ಬರುತ್ತೆ ನೋಡು. ಎರಡನ್ನೂ ಜೋಡಿ ಮಾಡಿ ಬರಿ, x ಮೊದಲು" ಎಂದೆ.

"ಯಾವ ಬೆಲೆ ಕೊಡ್ಲಿ?"

"ನಿಂಗಿಷ್ಟ ಬಂದದ್ದು."

ಅತ್ತೆ ಪೆನ್ಸಿಲ್ ಕೆಳಗಿಟ್ಟಳು. "ನಂಗಿಷ್ಟ ಬಂದದ್ದಾ? ಗಣಿತದಲ್ಲೂ ಹಂಗೆ ಬಿಡ್ತಾರೇನೇ?"

ಅಂದಿನಿಂದ ಆ ಲೆಕ್ಕವೆಂದರೆ ಅವಳಿಗೆ ಹಬ್ಬ. ಸೊನ್ನೆ ಸಪ್ಪೆ ಎಂದು ಬಿಟ್ಟು, ಮೈನಸ್ ಮೂರು, ನಾಲ್ಕು ಎಂದು ಎಲ್ಲೆಲ್ಲಿಂದಲೋ ಬೆಲೆಗಳನ್ನು ಆರಿಸುತ್ತಿದ್ದಳು.

"ಗೆರೆ ಎಳೆಯೋಕೆ ಎರಡು ಚುಕ್ಕೆ ಸಾಕಲ್ವಾ? ಮೂರನೇದ್ಯಾಕೆ?" ಎಂದು ಒಮ್ಮೆ ಕೇಳಿದಳು.

"ಎರಡರಲ್ಲಿ ಒಂದು ತಪ್ಪಿದ್ರೂ ಗೆರೆ ಬಂದೇ ಬರುತ್ತೆ. ಮೂರನೇದು ಅದರ ಮೇಲೆ ಕೂರದಿದ್ರೆ ತಪ್ಪು ಗೊತ್ತಾಗುತ್ತೆ" ಎಂದು ದೊಡ್ಡವಳಂತೆ ವಿವರಿಸಿದ್ದೆ.

ಪರೀಕ್ಷೆಯಲ್ಲಿ y = 3x − 2 ಬಂತು. ಹೊರಗೆ ಬಂದು ಹುಣಸೆಮರದಡಿ ಉತ್ತರ ಹೋಲಿಸಿಕೊಂಡೆವು. ನನ್ನವು (0, −2) ಮತ್ತು (2, 6). ಅತ್ತೆಯವು (−1, −5), (1, 1), (3, 7). ಒಂದೂ ಹೊಂದಲಿಲ್ಲ.

"ಹೋಯ್ತು ಬಿಡು" ಎಂದಳು ಅತ್ತೆ. ಅವಳ ಮುಖ ಇಷ್ಟು ಚಿಕ್ಕದಾಯಿತು.

ಅವಳು ತಪ್ಪಿದ್ದೆಲ್ಲಿ ಎಂದು ತೋರಿಸಲು ನಾನು ಉಳಿದಿದ್ದ ನಕ್ಷೆಹಾಳೆಯಲ್ಲಿ ಐದೂ ಚುಕ್ಕೆ ಇಟ್ಟೆ. ಅವಳ ಮೂರೂ ಒಂದೇ ಗೆರೆಯಲ್ಲಿ ಕೂತವು. ನನ್ನ ಮೊದಲನೆಯದೂ ಅಲ್ಲೇ ಕೂತಿತು. ಎರಡನೆಯದು ಮಾತ್ರ ಮೇಲೆಲ್ಲೋ ಒಂಟಿಯಾಗಿ ನಿಂತಿತು. ಮೂರೆರಡಲ ಆರು ಎಂದು ಬರೆದು ಎರಡು ಕಳೆಯುವುದನ್ನೇ ಮರೆತಿದ್ದೆ.

"ನಿನ್ ಮೂರನೇದೆಲ್ಲೇ?"

"ಎರಡೇ ಸಾಕು ಅಂತ..."

ಅತ್ತೆ ನನ್ನ ಜಡೆ ಎಳೆದು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. "ನಂಗೆ ಹೇಳ್ಕೊಟ್ಟೋಳು ನೀನೇ ತಾನೇ?" ಅಳಬೇಕೆಂದಿದ್ದ ನಾನೂ ನಕ್ಕುಬಿಟ್ಟೆ.

ಫಲಿತಾಂಶದ ದಿನ ಸೂಚನಾಫಲಕದ ಮುಂದೆ ನೂಕುನುಗ್ಗಲು. ಪಾಸಾದವರ ಪಟ್ಟಿಯಲ್ಲಿ ತನ್ನ ಸಂಖ್ಯೆ ಸಿಕ್ಕಾಗ ಅತ್ತೆ ಕೂಗಲಿಲ್ಲ, ಕುಣಿಯಲಿಲ್ಲ. ಗಾಜಿನ ಮೇಲೆ, ಆ ಸಂಖ್ಯೆಯ ಕೆಳಗೆ ಬೆರಳಿಟ್ಟಳು. ಹಿಂದಿನವರೆಲ್ಲ ಗೊಣಗತೊಡಗಿದರೂ ಬೆರಳು ತೆಗೆಯಲೇ ಇಲ್ಲ.