ಒಂದೇ ಕುರ್ಚಿಯ ಅಂಗಡಿ

ಬಾಚಣಿಗೆ ಕಿವಿಯ ಹಿಂದಿನ ಸಿಕ್ಕಿನಲ್ಲಿ ನಿಂತುಬಿಟ್ಟಿತು. ಸೊಸೆ ಎಳೆಯಲಿಲ್ಲ. ಎಳೆದರೆ ನೋಯುವವರು ಇನ್ನಿಲ್ಲ ಎಂಬುದು ನೆನಪಾದ ಮೇಲೂ ಎಳೆಯಲು ಮನಸ್ಸಾಗದೆ, ಕೂದಲಿನ ಬುಡವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ತುದಿಯಿಂದ ಮೆಲ್ಲಗೆ ಬಿಡಿಸಿದಳು.

ಅತ್ತೆಯ ಮುಖ ಶಾಂತವಾಗಿತ್ತು. ತಲೆ ಮಾತ್ರ ಅವರದಾಗಿರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಷ್ಟು ಕಾಲವೂ ಬೆಳೆದ ಕೂದಲು ಕಿವಿ ಮುಚ್ಚಿ, ಕೆನ್ನೆಗೆ ಅಂಟಿ, ಎಲ್ಲೆಂದರಲ್ಲಿ ಚದುರಿತ್ತು. ಬೀದಿಯ ಹೆಂಗಸರ ತಲೆಯನ್ನೆಲ್ಲ ತಿದ್ದಿದವರು ಹೀಗೆ ಹೊರಡುವುದೇ?

ಗಂಡ ಬಾಗಿಲಲ್ಲಿ ಇಣುಕಿದ. "ಜನ ಬರೋ ಹೊತ್ತಾಯ್ತು. ಇನ್ನೂ ಆಗ್ಲಿಲ್ವಾ?"

"ಕತ್ತರಿ ತಗೊಳ್ಲಾ ಅಂತ ಯೋಚಿಸ್ತಿದೀನಿ ರೀ."

ಅವನು ತಾಯಿಯ ಮುಖವನ್ನೇ ನೋಡಿದ. "ಬದುಕಿದ್ದಿದ್ರೆ ನಿನ್ನ ಕೈಗೆ ಒಂದೇಟು ಬೀಳ್ತಿತ್ತು."

"ಅದಕ್ಕೇ ಯೋಚನೆ."

"ಈಗ ಬೇಡ ಅನ್ನೋ ಹಾಗಿಲ್ಲ ಬಿಡು, ಪಾಪ," ಎಂದು ನಗಲು ಹೋಗಿ, ಆಗದೆ, ಬಾಗಿಲು ಎಳೆದುಕೊಂಡ.

ಅತ್ತೆ ಬೇರೆ ಯಾರಿಗೂ ತಲೆ ಕೊಟ್ಟವರಲ್ಲ. ಎರಡು ಕನ್ನಡಿ ಇಟ್ಟುಕೊಂಡು ತಾವೇ ಕತ್ತರಿಸಿಕೊಳ್ಳುವರು. ಬಲಗಿವಿಯ ಕಡೆ ಕೈ ಸರಿಯಾಗಿ ಎಟುಕದೆ ಅಲ್ಲಿ ಕೂದಲು ಯಾವಾಗಲೂ ಸ್ವಲ್ಪ ತಗ್ಗು. ಅದನ್ನು ಅವರೆದುರು ಹೇಳುವ ಎದೆಗಾರಿಕೆ ಬೀದಿಯಲ್ಲಿ ಒಬ್ಬರಿಗೂ ಇರಲಿಲ್ಲ. ಸೊಸೆ ಕತ್ತರಿ ಹಿಡಿದು ಒಂದು ಕ್ಷಣ ಅಳುಕಿದಳು. ಬಲಗಡೆ ತಗ್ಗಿಸಿದರೆ ಅದು ಅತ್ತೆಯ ತಲೆ, ಸಮ ಮಾಡಿದರೆ ತನ್ನ ಕೆಲಸ. ಆಮೇಲೆ ಕೂದಲನ್ನು ಒದ್ದೆ ಮಾಡಿ, ಎರಡೂ ಕಡೆ ಬೆರಳಿಟ್ಟು ಅಳೆದು, ಕತ್ತರಿಸತೊಡಗಿದಳು.

*

ಅಂಗಡಿಯಲ್ಲಿ ಮೂರು ಕುರ್ಚಿ ಹಿಡಿಸುವಷ್ಟು ಜಾಗವಿತ್ತು. ಇದ್ದದ್ದು ಒಂದೇ. ಮಿಕ್ಕ ಜಾಗದಲ್ಲಿ ಗೋಡೆಯುದ್ದಕ್ಕೂ ಬೆಂಚು. ಇನ್ನೊಂದು ಕುರ್ಚಿ ಹಾಕೋಣ ಎಂದು ಮಗ ಹೇಳಿದಾಗಲೆಲ್ಲ ಅತ್ತೆಯದು ಒಂದೇ ಉತ್ತರ: "ಕಾಯೋರು ಇದ್ರೇನೇ ಅಂಗಡಿಗೆ ಕಳೆ." ಮುದುಕಿಯ ಕೋಳಿ ಕೂಗದಿದ್ದರೆ ಬೆಳಗಾಗುವುದಿಲ್ಲ ಅಂತಲ್ಲವೇ ಎಂದು ಅವನು ರೇಗಿಸಿದರೆ, ಕೋಳಿಯ ಕಷ್ಟ ಕೋಳಿಗೇ ಗೊತ್ತು ಎಂದು ಕತ್ತರಿ ಝಳಪಿಸುತ್ತಿದ್ದರು.

ಸೊಸೆ ತಲೆ ತೊಳೆಯುವಳು, ಬಣ್ಣ ಕಲಸುವಳು, ಹೊದಿಕೆ ಕೊಡವುವಳು, ನೆಲ ಗುಡಿಸುವಳು. ಕತ್ತರಿಸುವುದನ್ನೂ ಅತ್ತೆಯೇ ಕಲಿಸಿದ್ದರು, ಕೂದಲೆಳೆಯಷ್ಟೂ ಮುಚ್ಚಿಡದೆ. ಕಲಿಸಿದ್ದನ್ನು ಮಾಡಲು ಮಾತ್ರ ಬಿಡಲಿಲ್ಲ.

ಒಮ್ಮೆ ಅತ್ತೆ ಬ್ಯಾಂಕಿಗೆ ಹೋಗಿದ್ದಾಗ, ಮೂಲೆಯ ಅಂಗಡಿಯ ದರ್ಜಿಯಮ್ಮ ಅವಸರದಲ್ಲಿ ಬಂದು, ನೀನೇ ಮಾಡು ಎಂದು ಕುರ್ಚಿಯಲ್ಲಿ ಕುಳಿತರು. ಸೊಸೆ ಮಾಡಿದಳು. ಚೆನ್ನಾಗಿಯೇ ಬಂತು. ಕೊನೆಯ ಹೊತ್ತಿಗೆ ಒಳಬಂದ ಅತ್ತೆ ಕುರ್ಚಿಗೆ ಒಂದು ಸುತ್ತು ಹಾಕಿ, ಸೊಸೆಯ ಕೈಯಿಂದ ಕತ್ತರಿ ತೆಗೆದುಕೊಂಡು, ದರ್ಜಿಯಮ್ಮನ ಕುತ್ತಿಗೆಯ ಹಿಂದೆ ನಾಲ್ಕಾರು ಬಾರಿ ಆಡಿಸಿದರು. "ಈಗ ಸರಿಹೋಯ್ತು," ಎಂದರು.

ನೆಲಕ್ಕೆ ಒಂದು ಎಳೆಯೂ ಬೀಳಲಿಲ್ಲ. ಕತ್ತರಿ ಆಡಿದ್ದು ಗಾಳಿಯಲ್ಲಿ. ಪೊರಕೆ ಹಿಡಿದು ನಿಂತಿದ್ದ ಸೊಸೆಗೆ ಅದು ಕಂಡಿತು, ಕಂಡದ್ದನ್ನು ಹೊಟ್ಟೆಗೆ ಹಾಕಿಕೊಂಡಳು. ದರ್ಜಿಯಮ್ಮ ಮುಂದಿನ ಸಲದಿಂದ ಎಷ್ಟೇ ಅವಸರವಿದ್ದರೂ ಬೆಂಚಿನ ಮೇಲೆ ಕಾದರು. ಆಗ ಕೆಲಸಕ್ಕಿದ್ದ ಚುರುಕು ಹುಡುಗಿಯೊಬ್ಬಳಿಗೂ ಇದೇ ಗಾಳಿ ಕತ್ತರಿಯ ಪಾಠವಾಯಿತು. ಅವಳು ಹೊಟ್ಟೆಗೆ ಹಾಕಿಕೊಳ್ಳುವವಳಲ್ಲ. ಬಿಟ್ಟುಹೋಗಿ ರಸ್ತೆಯಾಚೆ ಸ್ವಂತ ಅಂಗಡಿ ತೆರೆದಳು. ಅಂದಿನಿಂದ ಮನೆಯಲ್ಲಿ ಅವಳ ಹೆಸರು 'ಎದುರಿನವಳು' ಎಂದಾಯಿತು.

ಆಸ್ಪತ್ರೆಗೆ ಸೇರಿದ ಮೇಲೆ ಅತ್ತೆ ಹಾಸಿಗೆಯಿಂದಲೇ ಒಬ್ಬೊಬ್ಬರಿಗೂ ಫೋನು ಮಾಡಿ, ಬೇರೆ ಕಡೆ ತಲೆ ಕೊಡಬೇಡಿ, ಬಂದೇ ಬರುತ್ತೇನೆ ಎಂದರು. ಸೊಸೆ ದಿನವೂ ಬಾಗಿಲು ತೆಗೆದು ಕನ್ನಡಿ ಒರೆಸಿ ಕೂರುವಳು. ಬಂದವರು ಹೊಸ್ತಿಲಲ್ಲೇ ನಿಂತು, ಅಕ್ಕ ಯಾವಾಗ ಬರ್ತಾರೆ ಎಂದು ಕೇಳಿ ಹೋಗುವರು.

*

ಹಾಗಾಗಿ ಆ ದಿನ ಮುಂಗೋಣೆಗೆ ಬಂದವರ ತಲೆಗಳನ್ನು ನೋಡಿದರೆ ಸತ್ತವರು ಯಾರೆಂದು ಕೇಳಬೇಕಾಗಿರಲಿಲ್ಲ. ಕಣ್ಣಿನ ಮೇಲೆ ಇಳಿದ ಮುಂಗೂದಲನ್ನು ಊದಿಕೊಳ್ಳುತ್ತ ಬಂದವರು, ಬುಡದ ಬಿಳಿಯನ್ನು ಸೆರಗಲ್ಲಿ ಮರೆಸಿದವರು, ಕ್ಲಿಪ್ಪಿನ ಮೇಲೆ ಕ್ಲಿಪ್ಪು ಸಿಕ್ಕಿಸಿಕೊಂಡವರು. ಎಲ್ಲರೂ ಕಾದಿದ್ದರು. ಸೊಸೆ ಗೋಡೆಗೊರಗಿ ನಿಂತು, ದುಃಖದ ನಡುವೆಯೂ, ಯಾರಿಗೆ ಎಷ್ಟು ತೆಗೆಯಬೇಕು ಎಂದು ಕಣ್ಣಲ್ಲೇ ಲೆಕ್ಕ ಹಾಕುತ್ತಿದ್ದಳು. ಇಂಥ ಹೊತ್ತಲ್ಲಿ ಇದೇನು ಬುದ್ಧಿ ಎಂದು ತನ್ನನ್ನೇ ಬೈದುಕೊಂಡಳು.

ಅಂಗಡಿ ಬಾಡಿಗೆಗಿದ್ದ ಕಟ್ಟಡದ ಯಜಮಾನರು ಬಂದು, ಕೈಮುಗಿದು, ಅವಳ ಗಂಡನನ್ನು ಪಕ್ಕಕ್ಕೆ ಕರೆದರು. ಹೇಳಬಾರದ ಹೊತ್ತು, ಆದರೂ ಔಷಧಿ ಅಂಗಡಿಯವರು ಆ ಜಾಗ ಕೇಳುತ್ತಿದ್ದಾರೆ, ಸಂಜೆಯೊಳಗೆ ಒಂದು ಮಾತು ಬೇಕು ಎಂದರಂತೆ. ಗಂಡ ಅದನ್ನು ಬಂದು ಅವಳ ಕಿವಿಯಲ್ಲಿ ಹೇಳಿದ.

"ನೀವೇನಂದ್ರಿ?"

"ನಿನ್ನ ಕೇಳಿ ಹೇಳ್ತೀನಿ ಅಂದೆ." ಅವನು ಜನರ ಕಡೆ ನೋಡಿದ. "ಇವರೆಲ್ಲ ಅಮ್ಮನಿಗೋಸ್ಕರ ಕಾದವರು. ನಿನ್ನ ಹತ್ರ ಬರ್ತಾರಾ?"

ಚುಚ್ಚಬೇಕೆಂದು ಕೇಳಿದ್ದಲ್ಲ.

ಎದುರಿನವಳು ತನ್ನ ಅಂಗಡಿಗೆ ಬೀಗ ಹಾಕಿ ಹೂ ತಂದಿದ್ದಳು. ಅತ್ತೆಯ ಪಾದ ಮುಟ್ಟಿ ಬಹಳ ಹೊತ್ತು ಅತ್ತಳು. ಏನೇ ಬೈದರೂ ಈ ಕೈಗೆ ಕೆಲಸ ಹತ್ತಿಸಿದ್ದು ಇವರೇ ಎಂದಳು. ಆಮೇಲೆ ಸೊಸೆಯ ಪಕ್ಕಕ್ಕೆ ಬಂದು ದನಿ ತಗ್ಗಿಸಿದಳು.

"ನನ್ನ ಹತ್ರ ಬಂದ್ಬಿಡಿ ಅಕ್ಕಾ. ನಿಮಗೆ ಅಂತಲೇ ಒಂದು ಕುರ್ಚಿ ಕೊಡ್ತೀನಿ. ಒಬ್ಬರೇ ಅಲ್ಲಿ ನೊಣ ಹೊಡ್ಕೊಂಡು ಎಷ್ಟು ದಿನ ಕೂತಿರ್ತೀರಾ?"

ಒಳ್ಳೆಯ ಮನಸ್ಸಿನ ಮಾತು. ನಂಬಬಹುದಾದ ನೆರಳು. ಹೂಂ ಅನ್ನಲು ಸೊಸೆಯ ಬಾಯಿ ಅರ್ಧ ತೆರೆದಿತ್ತು.

ಅಷ್ಟರಲ್ಲಿ ಟೀಚರಮ್ಮ ಬಂದರು. ಅಂಗಡಿಯ ಮೊಟ್ಟಮೊದಲ ಗಿರಾಕಿ, ಅತ್ತೆಯ ಗೆಳತಿ, ಶಾಲೆಯಿಂದ ನಿವೃತ್ತರಾದರೂ ದನಿ ನಿವೃತ್ತವಾಗಿರಲಿಲ್ಲ. ಅವರು ಗೆಳತಿಯ ತಲೆದೆಸೆಯಲ್ಲಿ ನಿಂತು, ಕನ್ನಡಕ ಸರಿಮಾಡಿಕೊಂಡು, ಈ ಕಡೆಯಿಂದ ನೋಡಿದರು, ಸುತ್ತಿ ಹೋಗಿ ಆ ಕಡೆಯಿಂದ ನೋಡಿದರು.

"ಇದು ಯಾರ ಕೈ?"

ಸೊಸೆ ಗೋಡೆ ಬಿಟ್ಟು ಮುಂದೆ ಬಂದಳು. "ನಂದು, ಟೀಚರಮ್ಮ."

"ಇಷ್ಟು ವರ್ಷಕ್ಕೆ ಇವಳ ಎರಡೂ ಕಡೆ ಸಮ ಆಯ್ತು."

ಯಾರೋ ಮೂಗು ಒರೆಸಿಕೊಳ್ಳುತ್ತಲೇ ಕಿಸಕ್ಕೆಂದರು. ಗಂಡ ಮುಖ ತಿರುಗಿಸಿ ಗೋಡೆಯ ಕಡೆ ನಕ್ಕ, ಈ ಸಲ ನಗು ಪೂರ್ತಿ ಬಂತು. ದರ್ಜಿಯಮ್ಮ ಹತ್ತಿರ ಬಂದು ಬಗ್ಗಿ ನೋಡಿದರು. ಅವರ ಹಿಂದೆ ಇನ್ನಿಬ್ಬರು.

ಟೀಚರಮ್ಮ ದರ್ಜಿಯಮ್ಮನ ತೋಳು ಹಿಡಿದರು. "ಅವತ್ತು ನಿನ್ನ ಕೂದಲು ಸರಿಮಾಡಿದ್ಲಲ್ಲ ನನ್ನ ಗೆಳತಿ, ನಾನು ಬೆಂಚಿನ ಮೇಲೆ ಕೂತಿದ್ದೆ. ಒಂದು ಎಳೆ ಉದುರ್ಲಿಲ್ಲ. ಈ ಹುಡುಗಿ ಮಾಡಿದ್ದೇ ಸರಿಯಿತ್ತು."

"ಅಯ್ಯೋ, ಅವತ್ತೇ ಹೇಳೋದಲ್ವಾ?"

"ಹೇಗೆ ಹೇಳ್ಲಿ? ಮುಂದಿನ ಸರದಿ ನಂದು. ಕುತ್ತಿಗೆ ಅವಳ ಕೈಲಿರುತ್ತೆ."

ಅಳುವೂ ನಗುವೂ ಬೆರೆತು ಕೋಣೆ ಒಂದು ಸಲ ತುಂಬಿ ಇಳಿಯಿತು. ಟೀಚರಮ್ಮ ಗೆಳತಿಯ ಹಣೆಯ ಮೇಲೆ ಕೈಯಿಟ್ಟು, ಕೋಪ ಮಾಡ್ಕೋಬೇಡ ಕಣೇ, ಎಂದರು.

*

ಎಲ್ಲ ಮುಗಿಸಿ ಹಿಂತಿರುಗುವಾಗ ಬಿಸಿಲು ಇಳಿದಿತ್ತು. ಅಂಗಡಿಯ ಮುಂದೆ ಬಂದಾಗ ಸೊಸೆ ಒಂದು ನಿಮಿಷ ಎಂದು ಬೀಗ ತೆಗೆದಳು. ಏಕೆ ತೆಗೆದಳೋ ಅವಳಿಗೇ ಗೊತ್ತಿಲ್ಲ. ನಿಂತು ನೋಡಿ ಹೋಗೋಣ ಅನ್ನಿಸಿತ್ತು. ಗಂಡನ ಫೋನು ಬಡಿದುಕೊಂಡಿತು. ಕಟ್ಟಡದ ಯಜಮಾನರು.

"ಏನಂತ ಹೇಳ್ಲೇ?" ಎಂದು ಅವನು ಹೊಸ್ತಿಲಲ್ಲೇ ನಿಂತ.

ಅವಳು ಬಾಯಿ ತೆರೆಯುವ ಮೊದಲೇ, ಜೊತೆಗೇ ಹಿಂತಿರುಗುತ್ತಿದ್ದ ಟೀಚರಮ್ಮ ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದರು. ಬೆಂಚಿನ ಕಡೆ ನೋಡಲೂ ಇಲ್ಲ, ನೇರ ಹೋಗಿ ಕುರ್ಚಿಯಲ್ಲಿ ಕುಳಿತರು.

"ಇವತ್ತೇನಾ, ಟೀಚರಮ್ಮ?"

"ನಾಳೆ ಅಂದ್ರೆ ನನ್ನ ಧೈರ್ಯ ಕೆಡುತ್ತೆ. ಅವಳನ್ನ ಬಿಟ್ರೆ ಬೇರೆ ಯಾರೂ ಕತ್ತರಿ ಮುಟ್ಟಿಸಿಲ್ಲ ಈ ತಲೆಗೆ."

ಸೊಸೆ ಹೊದಿಕೆ ಕೊಡವಿ ಅವರ ಕುತ್ತಿಗೆಗೆ ಕಟ್ಟಿದಳು. ಎಷ್ಟು ತೆಗೆಯಲಿ ಎಂದು ಕೇಳಿದಳು. ನಿನಗೆ ಕಂಡಷ್ಟು, ಎಂದರು. ಹೊಸ್ತಿಲಲ್ಲಿ ಗಂಡ ಫೋನಿಗೆ, "ಇಲ್ಲ ಸಾರ್, ಅಂಗಡಿ ಬಿಡಲ್ಲ," ಎನ್ನುತ್ತಿದ್ದ.

ಟೀಚರಮ್ಮ ಕನ್ನಡಕ ತೆಗೆದರು. ಅದಿಲ್ಲದೆ ಅವರಿಗೆ ಕನ್ನಡಿಯಲ್ಲಿ ತಮ್ಮ ಮುಖವೇ ಕಾಣದು. ಮಡಿಸಿ ಹೊದಿಕೆಯ ಕೆಳಗೆ ಮಡಿಲಲ್ಲಿಟ್ಟುಕೊಂಡು, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಕಣ್ಣು ಮುಚ್ಚಿದರು.