ಒಂಬತ್ತು ಜನ ಸಾಲದು

ಎರಡು ಸಲ ಸೋಪು ಹಚ್ಚಿದರೂ ಉಗುರಿನ ಸಂದಿಯಲ್ಲಿ ಹಸುವಿನ ವಾಸನೆ ಹೋಗಿಲ್ಲ, ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದ ಕರುವನ್ನು ಮಧ್ಯಾಹ್ನವೆಲ್ಲ ಎಳೆದು ತೋಳು ಸೋತಿದೆ, ದನದ ಡಾಕ್ಟರಿಗೆ ಇದೇನು ಹೊಸದಲ್ಲ, ಆದರೆ ಬಿಡುವಾದಾಗಲೆಲ್ಲ ಕೈ ಮೊಬೈಲಿಗೇ ಹೋಗುತ್ತದೆ — ಗೆಳೆಯ ಮಸಿ ಏನಾದರೂ ಬರೆದನೇ, ಇಲ್ಲ, ನಿನ್ನೆಯಿಂದ ತುಟಿಪಿಟಕ್ಕೆಂದಿಲ್ಲ. ಪ್ರಾರ್ಥನಾ ಮಂದಿರದ ಬೆಂಚುಗಳ ಮೇಲೆ ಎಂಟು ಜನ, ನನ್ನನ್ನು ಸೇರಿಸಿ ಒಂಬತ್ತು, ಅಪ್ಪ ತೀರಿಕೊಂಡು ಇವತ್ತಿಗೆ ವರ್ಷ, ಹೊತ್ತು ಮುಳುಗುವುದರೊಳಗೆ ಅಪ್ಪನ ಹೆಸರಿನ ಪ್ರಾರ್ಥನೆ ಆಗಬೇಕು, ಹತ್ತು ಗಂಡಸರು ಕೂಡದೆ ಅದನ್ನು ಹೇಳುವಂತಿಲ್ಲ, ಈ ಊರಿನಲ್ಲಿ ಯಹೂದಿ ಗಂಡಸರೆಂದರೆ ಸರಿಯಾಗಿ ಹತ್ತೇ, ಹತ್ತನೆಯವನು ಮಸಿ. ಈಗ ಊರಿನ ಪತ್ರಿಕೆಯ ಮಾಲೀಕನಾದರೂ ನಮಗೆ ಅವನು ಮಸಿಯೇ, ಶಾಲೆಗೆ ಜೇಬಿನ ತುಂಬ ಮಸಿ ಸೋರಿಸಿಕೊಂಡು ಬರುತ್ತಿದ್ದವನು. ಇಸ್ರೇಲಿನ ಬಾಂಬಿಗೆ ಸತ್ತ ಮಕ್ಕಳ ಚಿತ್ರ ಮುಖಪುಟದಲ್ಲಿ ಹಾಕಿ, ಯಹೂದಿಯಾಗಿ ನನಗೆ ನಾಚಿಕೆಯಾಗುತ್ತಿದೆ ಎಂದು ಬರೆದ, ಅದನ್ನೇ ಅಂತರ್ಜಾಲಕ್ಕೂ ಹಾಕಿದ, ನಾನು ಫೇಸ್‌ಬುಕ್ಕಿನಲ್ಲಿ ಅದರ ಕೆಳಗೇ ಕೇಳಿದೆ, ನಮ್ಮ ಕಡೆ ಸತ್ತವರು ನಿನ್ನ ಕಣ್ಣಿಗೆ ಬೀಳಲಿಲ್ವೇನೋ, ಅದಕ್ಕವನು, ಅವರನ್ನೂ ಹಾಕಿದ್ದೆ ಕಣೋ, ಅದೇ ಮುಖಪುಟದಲ್ಲಿ, ನೀನು ಓದೋದು ದನದ ಸಂತೆ ದರ ಮಾತ್ರ ಅಂದ — ನಿಜವೇ, ಆದರೂ ಸುಮ್ಮನಾಗಲಿಲ್ಲ, ಮೂರು ವಾರ, ಮುಖ ಮೂತಿ ಗೊತ್ತಿಲ್ಲದವರೆಲ್ಲ ನಡುವೆ ನುಗ್ಗಿ ಅವನನ್ನು ದ್ರೋಹಿ ಎಂದರು, ನನ್ನನ್ನು ಕೊಲೆಗಡುಕ ಎಂದರು, ಆ ದೇಶದ ಮಣ್ಣನ್ನು ನಾನೂ ತುಳಿದಿಲ್ಲ, ಅವನೂ ತುಳಿದಿಲ್ಲ, ಸಾಕಾಗಿತ್ತು, ಸಾಕಾಗಿಯೇ ನಿನ್ನೆ ಬರೆದುಬಿಟ್ಟೆ, ನೀನು ನಮ್ಮವನೇ ಅಲ್ಲ, ನಮ್ಮ ಸಾಲಿನಲ್ಲಿ ಕೂರಬೇಡ. ಇನ್ನೂರು ಜನ ಮೆಚ್ಚಿ ಹೆಬ್ಬೆಟ್ಟು ಒತ್ತಿದರು. ಹಾಗೆ ಬರೆದದ್ದು ಅಪ್ಪನ ಹೆಣಕ್ಕೆ ಹೆಗಲು ಕೊಟ್ಟು ಕೊನೆಯತನಕ ಬದಲಾಯಿಸದೆ ನಡೆದವನಿಗೆ.

ಅವನನ್ನ ಕರೆದ್ಯೇನೋ, ಚಿಕ್ಕಪ್ಪ ಕೇಳುತ್ತಾರೆ, ಹೂಂ ಅಂದೆ, ಸುಳ್ಳು, ಯಾವ ಬಾಯಲ್ಲಿ ಕರೆಯಲಿ. ಮನುಷ್ಯರ ತಲೆ ಎಣಿಸಬಾರದೆಂದು ಅವರು ಹತ್ತು ಪದಗಳ ಹಳೆಯ ವಾಕ್ಯವೊಂದನ್ನು ತಲೆಗೊಂದು ಪದದಂತೆ ಹೇಳುತ್ತ ಬೆರಳು ಆಡಿಸುತ್ತಾರೆ, ಒಂದು ಪದ ಬಾಯಲ್ಲೇ ಉಳಿಯಿತು, ಆಗ ಬಾಗಿಲಲ್ಲಿ ನೆರಳು, ಮಸಿ, ದಿನ ನೆನಪಿಟ್ಟು, ತಲೆಗೆ ಪ್ರಾರ್ಥನೆಯ ಟೋಪಿ ಹಾಕಿಕೊಂಡೇ ಬಂದಿದ್ದಾನೆ, ಒಳಗೆ ಬರಬಹುದೇನ್ರೀ ಡಾಕ್ಟ್ರೇ, ನಲವತ್ತು ವರ್ಷದ ಏನೋ ಹೋಗಿ ರೀ ಬಂದಿದೆ, ಚಿಕ್ಕಪ್ಪ ಮತ್ತೆ ಮೊದಲಿಂದ ಹಿಡಿದರು, ಒಂಬತ್ತನೆಯ ಪದ ನನ್ನ ಮೇಲೆ, ಬೆರಳು ಬಾಗಿಲಿಗೆ ತಿರುಗಿ ನಿಂತಿತು, ಪದ ಹೇಳದೆ ಅವರು ನನ್ನನ್ನೇ ನೋಡುತ್ತಿದ್ದಾರೆ, ನೀನು ಬರೆದದ್ದು ನೀನೇ ಅಳಿಸು ಎನ್ನುವಂತೆ, ಬಾರೋ ಎಂದರೆ ಸಾಕು, ಇನ್ನೂರು ಜನರೆದುರು ಸಲೀಸಾಗಿ ಆಡಿದವನು ಎಂಟು ಜನರೆದುರು ಉಗುರಿನ ಸಂದಿ ಕೆರೆಯುತ್ತಿದ್ದೇನೆ, ಬಿಸಿಲು ಬೆಂಚಿನಿಂದ ಗೋಡೆಗೇರಿತು, ಹೊತ್ತು ಮುಳುಗುತ್ತಿದೆ, ಆ ಬೆರಳು, ಮುದಿ ಬೆರಳು, ಇನ್ನೂ ಬಾಗಿಲ ಕಡೆಗೇ, ಆ ಬೆರಳು —