ಅಮ್ಮ ಬಂದ ಮನೆಗೆ ಸೂಜಿ ಬ್ಯಾಡ

ದಾಸನಕೊಪ್ಪದ ನೀಲಗಂಗವ್ವನ ಬಾಯಿಗೆ ಎದುರಾಡೋರು ಆ ಓಣಿಯಲ್ಲೇ ಇರಲಿಲ್ಲ. ಆಶಾ ಕಾರ್ಯಕರ್ತೆ ತನುಜಾ ಬಾಗಿಲಿಗೆ ಬಂದು, "ನಾಳೆ ಸಾಲ್ಯಾಗ ಹತ್ತನೇ ಕ್ಲಾಸಿನ ಹುಡುಗ್ರಿಗೆ ಗಂಟಲಮಾರಿ ಬರದಂಗ ಸೂಜಿ ಹಾಕ್ತಾರ್ರಿ, ನಿಮ್ಮ ಮೊಮ್ಮಗಳು ರಕ್ಷಿತಾನ್ನ ತಪ್ಪದ ಕಳಸ್ರಿ" ಅಂದಾಗ, ಮುದುಕಿ ಬಾಗಿಲಿಗೆ ಸಿಕ್ಕಿಸಿದ್ದ ಬೇವಿನ ಸೊಪ್ಪು ತೋರಿಸಿದಳು.

"ಕಣ್ ಕಾಣಂಗಿಲ್ಲೇನ ನಿನಗ? ಸೊಸಿ ಮೈಮ್ಯಾಲೆ ಅಮ್ಮ ಎದ್ದಾಳ. ಅಮ್ಮ ಬಂದ ಮನ್ಯಾಗ ಒಗ್ಗರಣಿ ಸೈತ ಹಾಕಂಗಿಲ್ಲ, ಸೂಜಿ ಚುಚ್ಚಸ್ತಾರೇನ? ನಡಿ ನಡಿ."

ಸೊಸೆ ಗಿರಿಜಾ ಒಳಕೋಣೆಯಲ್ಲಿ ಮೈತುಂಬ ಗುಳ್ಳೆ ಎದ್ದು, ಜ್ವರದಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ಅವಳಿಗೆ ಇದ್ಯಾವುದೂ ಗೊತ್ತಾಗಲಿಲ್ಲ. ಅವಳು ಚೇತರಿಸಿಕೊಂಡು ತಲೆಗೆ ನೀರು ಹಾಕಿಕೊಂಡ ಮೇಲೆ, ಅವಳು ಮನೆಯಲ್ಲಿಲ್ಲದ ಹೊತ್ತಿಗೆ, ತನುಜಾ ಮತ್ತೆ ಬಂದಳು. ಇನ್ನೊಂದ್ ವಾರ ಹೋಗ್ಲಿ ತಡಿ ಅಂದಳು ಮುದುಕಿ. ಆ ವಾರ ಹಾಗೇ ಮುಂದೆ ಮುಂದೆ ಹೋಯಿತು.

ಮಳೆ ಕಡಿಮೆಯಾಗುವ ಹೊತ್ತಿಗೆ ರಕ್ಷಿತಾಗೆ ಗಂಟಲು ನೋವು ಬಂತು. ಕಷಾಯ ಕುಡಿಸಿದರು, ಅರಿಶಿನದ ಹಾಲು ಕುಡಿಸಿದರು. ಕುತ್ತಿಗೆ ಊದಿತು, ಗಂಟಲೊಳಗೆ ಬೂದು ಪೊರೆ ಕಟ್ಟಿತು. ಶಿರಸಿಯಲ್ಲಿ ತೋರಿಸಿ ಹುಬ್ಬಳ್ಳಿಗೆ ಒಯ್ದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ಅಯ್ಯೋ ಶಿವನೇ, ಪರೀಕ್ಷೆಗೆ ಓದುತ್ತಿದ್ದ ಹುಡುಗಿಯನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದರು.

ಮಣ್ಣು ಮಾಡಿ ಇನ್ನೂ ಕಣ್ಣೀರು ಆರಿರಲಿಲ್ಲ, ಓಣಿಯ ಮಕ್ಕಳಿಗೆಲ್ಲ ಸೂಜಿ ಹಾಕಲು ನರ್ಸ್ ಜೊತೆ ತನುಜಾ ಬಂದಳು. ಎದುರು ಮನೆಯ ವೆಂಕಮ್ಮ ಮಗಳು ಸೌಮ್ಯಳನ್ನು ಒಳಗೆ ತಳ್ಳಿ ಬೀಗ ಜಡಿದಳು.

"ಬರಬ್ಯಾಡ್ರಿ! ಆ ಹುಡುಗಿಗೆ ದವಾಖಾನ್ಯಾಗ ಸೂಜಿ ಚುಚ್ಚಿ ಚುಚ್ಚೇ ಕೊಂದ್ರಿ. ನನ್ನ ಮಗಳೂ ಬೇಕೇನು?"

ಓಣಿಯ ಕದಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ನೀಲಗಂಗವ್ವ ಕಟ್ಟೆಯ ಮೇಲೆ ಗಿರಿಜಾಳ ಪಕ್ಕದಲ್ಲೇ ಕೂತಿದ್ದಳು. ಸುಮ್ಮನಿದ್ದರೆ ಸಾಕಿತ್ತು, ಪಾಪವೆಲ್ಲ ಆಸ್ಪತ್ರೆಯವರ ತಲೆಗೆ ಹೋಗುತ್ತಿತ್ತು, ಸೊಸೆಗೆ ಎಂದೂ ತಿಳಿಯುತ್ತಿರಲಿಲ್ಲ. ಆದರೆ ಬೀಗದ ಹಿಂದೆ ಸೌಮ್ಯ ಕೆಮ್ಮಿದ್ದು ಕೇಳಿಸಿತು. ಮುದುಕಿ ಗೋಡೆ ಹಿಡಿದು ಎದ್ದಳು.

"ವೆಂಕಮ್ಮಾ, ಸೂಜಿ ಹಾಕಸಿದ್ದಕ್ಕ ಸತ್ತಿಲ್ಲ ನಮ್ಮ ಕೂಸು, ಹಾಕಸದ ಇದ್ದದ್ದಕ್ಕ ಸತ್ತಾಳ. ಬ್ಯಾಡ ಅಂದಾಕಿ ನಾನು. ಕದ ತಗೀ!"

ವೆಂಕಮ್ಮ ಬೀಗ ತೆಗೆದಳು. ಸೌಮ್ಯ ಹೊರಗೆ ಬಂದು ನರ್ಸ್ ಮುಂದೆ ತೋಳೇರಿಸಿ ನಿಂತಳು.

ಗಿರಿಜಾ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. "ನನ್ನ ಮೈಮ್ಯಾಲೆ ಅಮ್ಮ ಎದ್ದಿದ್ದಳಂತ ಸೂಜಿ ಬಿಡಸಿದ್ರೇನ್ರಿ ಅತ್ತಿ? ನನ್ನ ಸಲುವಾಗಿ?"

"ಹೂಂ."

"ರಕ್ಷಿತಾ ಏನಂದ್ಲು?"

ನೀಲಗಂಗವ್ವ ಸೊಸೆಯ ಕಾಲಬುಡದಲ್ಲಿ ಕುಸಿದಳು.

"ಹಾಕಸ್ಕೋತೀನಿ ಅಂತ ಅತ್ತಳವ್ವಾ. ಚಪ್ಪಲಿ ಮೆಟ್ಟಿ ಹೊಂಟೇ ಬಿಟ್ಟಿದ್ಲು. ನಾನೇ ರಟ್ಟಿ ಹಿಡದು ಒಳಗ ಎಳಕೊಂಡೆ."